ಟೊರೊಂಟೊದಲ್ಲಿ ಮಖೆ ಮಳೆ

"ಅಪ್ಪಾ, ಆ ಮಳೆ ಎಷ್ಟು ಮನೆಗಳನ್ನು ಬೀಳಿಸಿತು?"

ಕಳೆದ ಭಾನುವಾರ ಅಜ್ಜಿಯೊಡನೆ ಮಾತಾಡಿ ಫೋನ್ ಕೆಳಗಿಟ್ಟ ಮಗಳು ಹೀಗೆ ಕೇಳಿದಳು. ಇಲ್ಲಿ ಬೆಳಗಿನ ಒಂಬತ್ತು ಗಂಟೆ, ಮಂಡ್ಯದಲ್ಲಿ ಸಂಜೆ ಆರೂವರೆ. ಅವ್ವ ದೀಪ ಹಚ್ಚಿ ಜಗಲಿಗೆ ಬಂದು ಕೂರುವ ಹೊತ್ತು. ಬೇಸಿಗೆ ಮುಗಿದೇಹೋಯಿತೆಂದು ಇವಳು ಗೋಳಾಡಿದ್ದಾಳೆ. "ನಮ್ಮದು ಯಾವಾಗಲೋ ಹೋಯಿತು ಕಂದ, ಈಗ ಮಖೆ ಹುಟ್ಟಿದೆ" ಎಂದಿದ್ದಾಳೆ ಅವ್ವ.

ಇಲ್ಲಿಯ ಮಕ್ಕಳಿಗೆ ಹೆಸರಿರುವ ಮಳೆಯೆಂದರೆ ಚಂಡಮಾರುತ. 1954ರ ಅಕ್ಟೋಬರಿನಲ್ಲಿ ಈ ಸೀಮೆಯ ನದಿಗಳನ್ನು ಉಕ್ಕಿಸಿ 81 ಜನರ ಪ್ರಾಣ ತೆಗೆದ 'ಹೇಜಲ್' ಕಥೆಯನ್ನು ಅವಳು ಶಾಲೆಯಲ್ಲಿ ಕೇಳಿದ್ದಾಳೆ. ತೀರಾ ಹಾನಿ ಮಾಡಿದ ಹೆಸರನ್ನು ಪಟ್ಟಿಯಿಂದಲೇ ತೆಗೆದುಹಾಕುತ್ತಾರೆ. ಕೈಕೊಟ್ಟ ಮಳೆಗಳ ಹೆಸರನ್ನು ನಾವೂ ಹೀಗೆ ಅಳಿಸುತ್ತ ಹೋದರೆ ಪಂಚಾಂಗದಲ್ಲಿ ಏನು ಉಳಿದೀತು?

ಮಖೆ ಮನೆ ಬೀಳಿಸುವುದಲ್ಲ, ಹೊಟ್ಟೆ ತುಂಬಿಸುವುದು ಎಂದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ್ದೇ ಹೆಸರು. ಆಗಸ್ಟ್ ನಡುವಿನಲ್ಲಿ ಮಖೆ, ತಿಂಗಳ ಕೊನೆಗೆ ಹುಬ್ಬೆ. "ಎಲ್ಲ ಹೇಳು" ಎಂದಳು. ಆರಿದ್ರೆಯಿಂದ ಹೊರಟವನು ಚಿತ್ತೆಗೆ ಬಂದು ತಡವರಿಸಿ ಮೊಬೈಲ್ ತೆಗೆದೆ. ನಮ್ಮಪ್ಪನಿಗೆ ಇಪ್ಪತ್ತೇಳೂ ಬಾಯಿಪಾಠ. ಮೊಳೆಗೆ ನೇತುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗವನ್ನು ತೆಗೆದು ನೋಡುತ್ತಿದ್ದುದು ಗಳಿಗೆ ತಿಳಿಯಲಿಕ್ಕೆ ಮಾತ್ರ. "ಮಖೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು" ಎನ್ನುತ್ತಲೇ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಡಿಸುತ್ತಿದ್ದರು.

ಪಕ್ಕದ ಮನೆಯ ಇಟಲಿಯ ಅಜ್ಜಿ ಈಗ ಗ್ಯಾರೇಜಿನಲ್ಲಿ ಬುಟ್ಟಿಗಟ್ಟಲೆ ಟೊಮೆಟೊ ಅರೆದು ಬಾಟಲಿಗೆ ತುಂಬುತ್ತಿದ್ದಾರೆ. ಜೂನಿನಲ್ಲಿ ರಾತ್ರಿ ಒಂಬತ್ತಕ್ಕೆ ಮುಳುಗುತ್ತಿದ್ದ ಸೂರ್ಯ ಈಗ ಎಂಟರೊಳಗೇ ಮರೆ. ದಿನಕ್ಕೆ ಹತ್ತಿರ ಹತ್ತಿರ ಮೂರು ನಿಮಿಷ ಬೆಳಕು ಕಳೆಯುತ್ತದೆ. "ಹೋಯಿತು, ಇನ್ನೇನು" ಎಂದು ಆಕೆ ಸಾವಿನ ಮನೆಯಲ್ಲಿ ಆಡುವಂತೆ ಆಡುತ್ತಾರೆ. ಬಂದ ಹೊಸದರಲ್ಲಿ ನನಗೆ ನಗು ಬರುತ್ತಿತ್ತು. ನಾಲೆ ನಿಂತು, ಗದ್ದೆ ಬಾಯಿಬಿಟ್ಟು, ದನಗಳಿಗೆ ಒಣಹುಲ್ಲೂ ಮುಗಿಯುವ ನಮ್ಮ ಬೇಸಿಗೆಗಾಗಿ ಯಾರಾದರೂ ಅತ್ತದ್ದುಂಟೇ? ಈ ವರ್ಷ ಮೇಪಲ್ ಮರದ ತುದಿಯಲ್ಲಿ ಮೊದಲ ಕೆಂಪೆಲೆ ಕಂಡು ನಾನೂ ನಿಟ್ಟುಸಿರು ಬಿಟ್ಟೆ. ಊರಿನಲ್ಲಿ ಹೇಳಿದರೆ ನಕ್ಕಾರು.

ಊರಿನಲ್ಲಿ ಈಗ ನಾಟಿ ಮುಗಿದು ಪೈರು ಹಸಿರಾಗುವ ಕಾಲ. ಅಪ್ಪ ಪತ್ರಿಕೆಯಲ್ಲಿ ಮೊದಲು ನೋಡುತ್ತಿದ್ದುದು ಕನ್ನಂಬಾಡಿ ಕಟ್ಟೆಯ ಮಟ್ಟ. 124.80 ಅಡಿ ಮುಟ್ಟಿತೆಂದರೆ ಆ ದಿನ ಯಾರ ಮೇಲೂ ರೇಗುತ್ತಿರಲಿಲ್ಲ. ಅವರು ಹೋದ ಮೇಲೆ ಜಮೀನನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟಿದ್ದೇವೆ. ಆದರೂ ಕಟ್ಟೆ ತುಂಬದೆ ಹೋದ 2023ರಲ್ಲಿ, ಗುದ್ದಲಿ ಹಿಡಿದು ನಾನೇ ಬದುವಿನ ಮೇಲೆ ನಿಂತಿದ್ದೇನೆ ಎಂಬಂತೆ ದಿನವೂ ಮೊಬೈಲಿನಲ್ಲಿ ಆ ಅಂಕಿಯನ್ನು ನೋಡುತ್ತಿದ್ದೆ. ತುಂಬಿದರೆ ಬಾಗಿನದ ಫೋಟೋ, ತುಂಬದಿದ್ದರೆ ರಸ್ತೆ ತಡೆ. ನಾಲೆಯ ಕೊನೆಯ ಗದ್ದೆಗೆ ನೀರು ಹೋಯಿತೇ ಎಂದು ತುಂಬಿದ ವರ್ಷ ಕೇಳುವವರು ಕಡಿಮೆ. ಎಂಟು ಸಾವಿರ ಮೈಲಿಯಾಚೆ ಕೂತು ಇದನ್ನು ಬರೆಯಲು ನನಗೆಷ್ಟು ಹಕ್ಕಿದೆಯೋ, ಬಿಡಿ.

ಬುಧವಾರ ರಾತ್ರಿ ಇಲ್ಲಿ ಜೋರು ಮಳೆ. ಮಲಗಿದ್ದ ಮಗಳು ಎದ್ದು ಬಂದು ಕಿಟಕಿಗೆ ಮುಖವೊತ್ತಿ, "ಇದೇ ಮಖೆಯಾ?" ಎಂದಳು. ದಿನ ಲೆಕ್ಕ ಹಾಕಿದೆ. ಹೌದು, ಹುಬ್ಬೆ ಹುಟ್ಟಲು ಇನ್ನೂ ಮೂರು ದಿನವಿತ್ತು. ಅಜ್ಜಿಗೆ ಹೇಳಲೇಬೇಕೆಂದು ಹಟ ಹಿಡಿದಳು. ಅಲ್ಲಿ ಆಗಷ್ಟೇ ಬೆಳಗಾಗಿತ್ತು.

"ಇಲ್ಲಿ ಬರೀ ಮೋಡ, ಒಂದು ಹನಿಯೂ ಇಲ್ಲ. ಅಲ್ಲಿಗಾದರೂ ಬಂತಲ್ಲ" ಎಂದಳು ಅವ್ವ. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದಳು: "ಮಗು ಉಂಡಿತೇ?"