ಬೆವನ್ ಮೇಲೋ, ಬೋಸ್ಟನ್ ಮೇಲೋ?

ರಗ್ಬಿ ಲೀಗ್ (ತಂಡಕ್ಕೆ ಹದಿಮೂರು ಜನರ ರಗ್ಬಿ) ಚರಿತ್ರೆಯ ಶ್ರೇಷ್ಠ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡುವ ಆಟಗಾರ, ಯಾರು ಎಂಬ ವಾದ ಶುರುವಾದರೆ ಸಾಕು, ಯಾರಾದರೊಬ್ಬರು 796 ಎಂಬ ಸಂಖ್ಯೆಯನ್ನು ತಂದು ಮುಂದಿಡುತ್ತಾರೆ. ಬ್ರಯಾನ್ ಬೆವನ್ ಗಳಿಸಿದ ಒಟ್ಟು ಟ್ರೈಗಳು ಅಷ್ಟು. (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಒಂದು ಟ್ರೈ.) ಅವುಗಳಲ್ಲಿ 740 ಇಂಗ್ಲೆಂಡಿನ ವಾರಿಂಗ್‌ಟನ್ ಕ್ಲಬ್ಬಿಗೇ ಸಂದವು. ಹಳೆಯ ಫೋಟೊಗಳಲ್ಲಿ ಆ ಆಸ್ಟ್ರೇಲಿಯಾದವನನ್ನು ನೋಡಬೇಕು: ಬೋಳುತಲೆ, ಕಡ್ಡಿಯಂಥ ಮೈ, ಮೊಣಕಾಲಿಗೆಲ್ಲ ಬ್ಯಾಂಡೇಜು. ಆಟಗಾರ ಎಂದರೆ ನಂಬುವುದೇ ಕಷ್ಟ! ತವರು ದೇಶ ಅವನನ್ನು ಒಂದೇ ಒಂದು ಟೆಸ್ಟ್ ಪಂದ್ಯಕ್ಕೂ ಕರೆಯಲಿಲ್ಲ.

ಆಸ್ಟ್ರೇಲಿಯಾದ ವಿಂಗರ್ ಕೆನ್ ಇರ್ವಿನ್ ಸಿಡ್ನಿಯಲ್ಲಿ ಗಳಿಸಿದ 212 ಟ್ರೈಗಳೂ ಸಣ್ಣ ಮಾತಲ್ಲ. 1994ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಚಾಲೆಂಜ್ ಕಪ್ ಫೈನಲ್‌ನಲ್ಲಿ ವಿಗನ್ ಕ್ಲಬ್ಬಿನ ಮಾರ್ಟಿನ್ ಒಫಾಯಾ ತನ್ನ ಗೆರೆಯ ಹತ್ತಿರದಿಂದ ಹೊರಟು, ಲೀಡ್ಸ್ ತಂಡದವರನ್ನೆಲ್ಲ ಹಿಂದೆ ಹಾಕಿ, ಆ ತುದಿ ಮುಟ್ಟಿ ಮಂಡಿಯೂರಿದ ವಿಡಿಯೊವನ್ನು ಎಷ್ಟು ಸಲ ನೋಡಿದರೂ ಸಾಲದು.

ಆದರೂ ನನ್ನ ಮತ ಬಿಲ್ಲಿ ಬೋಸ್ಟನ್‌ಗೆ. ವೇಲ್ಸ್‌ನ ಕಾರ್ಡಿಫ್ ಬಂದರಿನ ಬೀದಿಗಳಲ್ಲಿ ಬೆಳೆದ ಈ ಕಪ್ಪು ಹುಡುಗನನ್ನು ವಿಗನ್ ಕ್ಲಬ್ 1953ರಲ್ಲಿ 3,000 ಪೌಂಡ್ ಕೊಟ್ಟು ಕರೆತಂದಿತು. ಮರುವರ್ಷ ಬ್ರಿಟನ್ ತಂಡದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸದಲ್ಲೇ ಅವನು 36 ಟ್ರೈ ಗಳಿಸಿದ. ಅವನಿಗೆ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಲೂ ಬರುತ್ತಿತ್ತು, ಎದುರಾದವನನ್ನು ಡಿಕ್ಕಿ ಹೊಡೆದು ಕೆಡವಲೂ ಬರುತ್ತಿತ್ತು. 1957ರ ವಿಶ್ವಕಪ್ ಮುಗಿಸಿ ಬ್ರಿಟನ್ ತಂಡದವರು ಪ್ರದರ್ಶನ ಪಂದ್ಯಗಳಿಗೆ ದಕ್ಷಿಣ ಆಫ್ರಿಕಾಕ್ಕೆ ಹೋದರು. ವರ್ಣಭೇದದ ಆ ನಾಡಿಗೆ ಬೋಸ್ಟನ್ ಹೋಗುವಂತಿರಲಿಲ್ಲ, ಒಬ್ಬನೇ ಮನೆಗೆ ಮರಳಿದ. ಟ್ರೈಗಳ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ. ಬ್ರಿಟನ್ ಅವನಿಗೆ ‘ಸರ್’ ಪದವಿ ಕೊಟ್ಟಿದ್ದು 2025ರಲ್ಲಿ, ತೊಂಬತ್ತು ದಾಟಿದ ಮೇಲೆ. ರಗ್ಬಿ ಲೀಗ್ ಆಟಗಾರನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು.

ಬೆವನ್ ಅಭಿಮಾನಿಗಳು ಇನ್ನು ಕಾಮೆಂಟಿಗೆ ಇಳಿಯಬಹುದು.