ನೀರು ಬಿಡದ ವಿಮಾನ

ಸಿಯಾಟಲ್‌ಗೆ ಬಂದ ಹೊಸದರಲ್ಲಿ ಲೇಕ್ ಯೂನಿಯನ್ ದಂಡೆಯಲ್ಲಿ ಕುಳಿತು, ಕೆನ್‌ಮೋರ್ ಏರ್ ಸಂಸ್ಥೆಯ ಬೀವರ್ ವಿಮಾನಗಳು ನೀರು ಸೀಳಿಕೊಂಡು ಮೇಲೇಳುವುದನ್ನು ಗಂಟೆಗಟ್ಟಲೆ ನೋಡುತ್ತಿದ್ದೆ. 1947ರಲ್ಲಿ ಮೊದಲು ಹಾರಿದ ಈ ಕೆನಡಾದ ವಿಮಾನಗಳು, ತಯಾರಿಕೆ ನಿಂತು ದಶಕಗಳಾದರೂ, ಮುದಿ ಎತ್ತುಗಳಂತೆ ಇಂದಿಗೂ ದುಡಿಯುತ್ತಿವೆ. ಆ ಮೋಹದಿಂದಲೇ ಅದರ ರೇಡಿಯೊ ನಿಯಂತ್ರಿತ ಮಾದರಿಯೊಂದನ್ನು ಕೊಂಡೆ. ರೆಕ್ಕೆಯ ಅಗಲ ಒಂದೂವರೆ ಮೀಟರ್, ಅಂದರೆ ನಿಜವಾದ ವಿಮಾನದ ಹತ್ತನೇ ಒಂದು ಭಾಗ, ತೂಕ 1.6 ಕಿಲೊ. ಚಕ್ರಗಳ ಬದಲಿಗೆ ಕಟ್ಟುವ ಫ್ಲೋಟ್‌ಗಳನ್ನು ಮಾತ್ರ ನಾನೇ ಮಾಡುತ್ತೇನೆಂದು ಹಟ ಹಿಡಿದೆ.

ಫ್ಲೋಟ್ ಎಂದರೆ ಮುಚ್ಚಿದ ದೋಣಿ. ಅದರ ಉದ್ದ ವಿಮಾನದ ಒಡಲಿನ ಮುಕ್ಕಾಲು ಪಾಲಿನಷ್ಟಿರಬೇಕು, ಮೂತಿ ಪ್ರೊಪೆಲ್ಲರ್‌ಗಿಂತ ಮುಂದೆ ಚಾಚಿರಬೇಕು, ಎರಡೂ ಸೇರಿ ವಿಮಾನದ ತೂಕದ ಸುಮಾರು ಎರಡು ಪಟ್ಟು ಹೊರುವಂತಿರಬೇಕು ಎಂಬುದು ಹವ್ಯಾಸಿಗಳ ನಡುವೆ ರೂಢಿಯಲ್ಲಿರುವ ಲೆಕ್ಕ. ನನ್ನ ಫೋಮ್ ಫ್ಲೋಟ್‌ಗಳು ಈ ಲೆಕ್ಕದಲ್ಲೆಲ್ಲ ತೇರ್ಗಡೆಯಾದವು. ಆದರೂ ಮಾದರಿಗಳಿಗೆ ಅನುಮತಿಯಿರುವ ಸಣ್ಣ ಕೆರೆಯೊಂದರಲ್ಲಿ ಮೊದಲ ದಿನ ಪೂರ್ತಿ ಥ್ರಾಟಲ್ ಕೊಟ್ಟರೆ, ವಿಮಾನವು ನೀರನ್ನು ಎರಚುತ್ತಾ ಈ ದಡದಿಂದ ಆ ದಡದವರೆಗೆ ಓಡಿತೇ ಹೊರತು ಮೇಲೇಳಲಿಲ್ಲ.

ಮೋಟಾರಿನ ಶಕ್ತಿ ಸಾಲದೆಂದು ಭಾವಿಸಿ ಇನ್ನೊಂದನ್ನು ತರಿಸಲು ಹೊರಟಿದ್ದೆ. ತಪ್ಪಿದ್ದದ್ದು ಮೆಟ್ಟಿಲಿನಲ್ಲಿ. ಫ್ಲೋಟ್‌ನ ತಳಭಾಗವನ್ನು ವಿಮಾನದ ಗುರುತ್ವಕೇಂದ್ರಕ್ಕಿಂತ ತುಸು ಹಿಂದೆ ಥಟ್ಟನೆ ಕತ್ತರಿಸಿ, ಅಲ್ಲಿಂದಾಚೆಗೆ ಒಂದಿಷ್ಟು ಮೇಲಕ್ಕೆ ಸರಿಸಿರುತ್ತಾರೆ; ಇದೇ ಮೆಟ್ಟಿಲು. ಓಡುವ ನೀರಿಗೆ ಬಾಗಿದ ಮೈಯನ್ನು ಅಂಟಿಕೊಂಡು ಹೋಗುವ ಗುಣವಿರುವುದರಿಂದ ಅದು ಫ್ಲೋಟನ್ನು ಕೆಳಕ್ಕೆ ಎಳೆಯುತ್ತದೆ. ಮೆಟ್ಟಿಲಿನ ಚೂಪಾದ ಅಂಚಿನಲ್ಲಿ ನೀರು ಕಡಿದುಕೊಂಡು, ಅದರ ಹಿಂದೆ ಗಾಳಿ ನುಗ್ಗಿದರೆ ಮಾತ್ರ ಹಿಂಭಾಗ ಬಿಡುಗಡೆಯಾಗಿ, ವಿಮಾನವು ಮುಂಭಾಗದ ಮೇಲಷ್ಟೇ ಜಾರುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ. ನಾನೋ, ಅಂದ ಕಾಣಲೆಂದು ಆ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನುಣ್ಣಗೆ ದುಂಡಾಗಿಸಿದ್ದೆ! ಒಂದು ಮಿಲಿಮೀಟರ್ ದಪ್ಪದ ಪ್ಲೈವುಡ್ ಪಟ್ಟಿಯನ್ನು ಅಲ್ಲಿಗೆ ಅಂಟಿಸಿ ಅಂಚನ್ನು ಚೂಪು ಮಾಡಿದ ಮೇಲೆ, ಅದೇ ಹಳೆಯ ಮೋಟಾರಿನಿಂದ ವಿಮಾನ ಎದ್ದಿತು. ಮೊದಲು ಎಲಿವೇಟರನ್ನು, ಅಂದರೆ ಬಾಲದ ಅಡ್ಡ ರೆಕ್ಕೆಯ ಮಡಚುವ ಪಟ್ಟಿಯನ್ನು, ಮೇಲಕ್ಕೆ ಹಿಡಿದು ಮೂತಿ ಎತ್ತಿಸಿ, ಫ್ಲೋಟ್‌ಗಳು ನೀರಿನ ಮೇಲ್ಮೈಗೆ ಬಂದೊಡನೆ ಕೈ ಸಡಿಲಿಸಬೇಕು. ನೀರೆರಚುವ ಸದ್ದು ಅಡಗಿ ಸರ್ರನೆ ಜಾರುವ ಸದ್ದು ಕೇಳಿದರೆ, ಇನ್ನೆರಡು ಕ್ಷಣಗಳಲ್ಲಿ ಅದು ಆಕಾಶದಲ್ಲಿರುತ್ತದೆ. ಆಮೇಲಿನದು ಉಳಿದ ಯಾವ ಮಾದರಿ ವಿಮಾನದ ಹಾರಾಟಕ್ಕಿಂತಲೂ ಬೇರೆಯಲ್ಲ.

ಇಳಿದ ಮೇಲೆ ಮತ್ತೆ ನೀರಿನ ಕಾಟ. ಬ್ರೇಕ್ ಇಲ್ಲದ ವಾಹನವಿದು. ಬಾಲದ ರೆಕ್ಕೆಗೆ ಗಾಳಿ ಬಡಿದು ಮೂತಿ ತಾನಾಗಿಯೇ ಎದುರುಗಾಳಿಗೆ ತಿರುಗುತ್ತದೆ. ಒಮ್ಮೆ ಗಾಳಿಯ ಜೊತೆಯಲ್ಲೇ ಸಾಗುತ್ತಿದ್ದ ವಿಮಾನವನ್ನು ಅವಸರದಿಂದ ಎದುರುಗಾಳಿಗೆ ತಿರುಗಿಸಿದೆ. ತಿರುವಿನ ರಭಸಕ್ಕೆ ಅದು ಹೊರಕ್ಕೆ ವಾಲಿತು, ಒಳಗಡೆಯ ರೆಕ್ಕೆಯಡಿ ಗಾಳಿ ಹೊಕ್ಕಿತು, ಹೊರಗಡೆಯ ಫ್ಲೋಟ್ ಮುಳುಗಿ ವಿಮಾನವು ಹೊಟ್ಟೆ ಮೇಲಾಗಿ ಬಿದ್ದಿತು. 2.4 ಗಿಗಾಹರ್ಟ್ಸ್ ರೇಡಿಯೊ ಅಲೆ ನೀರಿನೊಳಗೆ ಇಳಿಯುವುದಿಲ್ಲವಾದ್ದರಿಂದ ಕೈಯಲ್ಲಿದ್ದ ಟ್ರಾನ್ಸ್‌ಮಿಟರ್ ಬರೀ ಆಟಿಕೆಯಾಯಿತು. ಇಂಥ ಹೊತ್ತಿಗೆಂದೇ ನಮ್ಮ ಕಾರುಗಳಲ್ಲಿ ಗಾಳದ ಕೋಲೊಂದು ಇರುತ್ತದೆ. ದಾರದ ತುದಿಗೆ ಟೆನಿಸ್ ಚೆಂಡು ಕಟ್ಟಿ ವಿಮಾನದಾಚೆಗೆ ಎಸೆದು, ದಾರವನ್ನು ರೆಕ್ಕೆಗೆ ತೊಡರಿಸಿ ಮೆಲ್ಲಗೆ ಎಳೆದುಕೊಳ್ಳಬೇಕು. ನನಗೆ ಏಳನೆಯ ಎಸೆತಕ್ಕೆ ಸಿಕ್ಕಿತು. ಬ್ರಷ್‌ಲೆಸ್ ಮೋಟಾರಿಗೆ ಏನೂ ಆಗಿರಲಿಲ್ಲ; ರಿಸೀವರನ್ನು ಬಲೂನಿನೊಳಗೆ ಕಟ್ಟಿಟ್ಟಿದ್ದರಿಂದ ಅದೂ ಉಳಿಯಿತು. ರೆಕ್ಕೆ-ಬಾಲಗಳ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರುಗಳಾದ ಸರ್ವೋಗಳಲ್ಲಿ ಎರಡು ಮಾತ್ರ ಸತ್ತವು.

ಈಗ ಪ್ರತಿ ಸಲ ಮನೆಗೆ ಬಂದ ಕೂಡಲೇ ಫ್ಲೋಟ್‌ಗಳನ್ನು ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತೇನೆ. ಬಲಗಡೆಯದು ಒಣಗಿದೆ. ಎಡಗಡೆಯದರಲ್ಲಿ ಮೊನ್ನೆಯಿಂದ ಗುಳುಗುಳು ಸದ್ದು ಬರುತ್ತಿದೆ. ಶನಿವಾರದೊಳಗೆ ಬಿರುಕು ಹುಡುಕಿ ಎಪಾಕ್ಸಿ ತುಂಬಬೇಕು.