‘ಚೆಮ್ಮೀನ್’ ಕಡಲಿಗೆ ಬಂಗಾಳದ ಸಂಗೀತ ಒಗ್ಗಿದ್ದು ಹೇಗೆ?

ಹಳೆಯ ಮಲಯಾಳ ಚಿತ್ರಗೀತೆಗಳ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: ಕೇರಳದ ಮೀನುಗಾರರ ಬದುಕನ್ನು ಕುರಿತ ‘ಚೆಮ್ಮೀನ್’ ಚಿತ್ರಕ್ಕೆ, ಅದಕ್ಕೆ ಮೊದಲು ಒಂದೂ ಮಲಯಾಳ ಚಿತ್ರ ಮಾಡಿರದ ಬಂಗಾಳದ ಸಲಿಲ್ ಚೌಧರಿಯವರ ಸಂಗೀತ ಅಷ್ಟು ಚೆನ್ನಾಗಿ ಒಗ್ಗಿದ್ದು ಹೇಗೆ? ಆ ಕಥೆಗೆ ಅವರಂಥವರೇ ಬೇಕಾಗಿತ್ತು ಎಂಬುದು ನನ್ನ ಉತ್ತರ.

ತಕಳಿ ಶಿವಶಂಕರ ಪಿಳ್ಳೈ ಅವರ ಕಾದಂಬರಿಯನ್ನು ಆಧರಿಸಿ ರಾಮು ಕಾರ್ಯಾಟ್ ನಿರ್ದೇಶಿಸಿದ ಈ ಚಿತ್ರ 1965ರದು. ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ದಕ್ಷಿಣ ಭಾರತದ ಮೊದಲ ಚಿತ್ರವೂ ಹೌದು. ದೋಣಿಯೇರಿ ಹೋದ ಗಂಡನ ಜೀವ ದಡದಲ್ಲಿರುವ ಹೆಂಡತಿಯ ಶೀಲವನ್ನು ಅವಲಂಬಿಸಿದೆ, ಆಕೆ ತಪ್ಪಿದರೆ ಕಡಲಮ್ಮ ಅವನನ್ನು ನುಂಗುತ್ತಾಳೆ ಎಂಬ ನಂಬಿಕೆಯ ನಡುವೆ ಕರುತ್ತಮ್ಮ, ಅವಳು ಪ್ರೀತಿಸಿದ ಮುಸ್ಲಿಂ ವ್ಯಾಪಾರಿ ಪರೀಕುಟ್ಟಿ, ಅವಳನ್ನು ಮದುವೆಯಾದ ಪಳನಿ, ಈ ಮೂವರೂ ನಲುಗಿಹೋಗುತ್ತಾರೆ.

ಸಲಿಲ್ ಚೌಧರಿ ಈ ಕಡಲಿಗೆ ಹೊಸಬರಾಗಿದ್ದರೂ ದುಡಿಯುವವರ ಹಾಡಿಗೆ ಹೊಸಬರಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ, ತಂದೆಯ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ಕೇಳುತ್ತಲೇ ಬೆಳೆದ ಅವರು, ಇಪ್ಟಾ ಎಂಬ ಎಡಪಂಥೀಯ ಕಲಾವಿದರ ಸಂಘಟನೆಯಲ್ಲಿದ್ದುಕೊಂಡು ಬಂಗಾಳದ ರೈತ ಚಳವಳಿಗೆ ಹಾಡುಗಳನ್ನು ಕಟ್ಟಿದವರು. ಮುಂಬಯಿಯಲ್ಲಿ ಯುವಕರ ಗಾಯಕವೃಂದವನ್ನೇ ಬೆಳೆಸಿದವರು. ಹಲವು ಕಂಠಗಳನ್ನು ಒಂದೇ ಸ್ವರಕ್ಕೆ ಕಟ್ಟಿಹಾಕದೆ, ಬೇರೆ ಬೇರೆ ಎಳೆಗಳಾಗಿ ಹರಿಯಬಿಟ್ಟು ಕೂಡಿಸುವ ವಿದ್ಯೆ ಅವರಿಗೆ ಕರಗತವಾಗಿತ್ತು. ‘ಪುತ್ತನ್ ವಲಕ್ಕಾರೇ’ ಹಾಡಿನಲ್ಲಿ ಯೇಸುದಾಸ್, ಪಿ. ಲೀಲಾ ಮೊದಲಾದವರ ದನಿಗಳನ್ನು ಗುಂಪಿನ ಕೂಗು ಎತ್ತಿಕೊಂಡು ಮುಂದೆ ಸಾಗಿಸುವುದನ್ನು ಗಮನಿಸಿ: ಇಡೀ ಕೇರಿಯೇ ಒಟ್ಟಾಗಿ ಹಾಡುತ್ತಿರುವಂತೆ ನಮಗನ್ನಿಸುತ್ತದೆ. ಒಬ್ಬರ ತಪ್ಪಿನ ಫಲವನ್ನು ಎಲ್ಲರೂ ಉಣ್ಣಬೇಕೆಂದು ನಂಬಿದ ಸಮುದಾಯದ ಕಥೆಗೆ ಇದಕ್ಕಿಂತ ತಕ್ಕ ಸಂಗೀತ ಯಾವುದಿದ್ದೀತು? ವಯಲಾರ್ ರಾಮವರ್ಮರ ಸಾಹಿತ್ಯವೂ ಆ ದಡದ್ದೇ ಆದ್ದರಿಂದ ರಾಗ ಎಲ್ಲಿಂದ ಬಂದಿತೆಂಬ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ.

ಇನ್ನು ಇದೇ ಚಿತ್ರದ ‘ಮಾನಸ ಮೈನೇ ವರೂ’ ಹಾಡು. ಅದನ್ನು ಹಾಡಿದ ಬಂಗಾಳಿ ಗಾಯಕ ಮನ್ನಾ ಡೇ ಅವರ ಉಚ್ಚಾರಣೆ ಪೂರ್ತಿ ಮಲಯಾಳವಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಅದನ್ನು ದೋಷವೆಂದು ಎಣಿಸಲಾರೆ. ಕಥೆಯಲ್ಲಿ ಹಾಡುವವನು ಪರೀಕುಟ್ಟಿ, ಆ ದಡದಲ್ಲಿಯೇ ವ್ಯಾಪಾರ ಮಾಡಿಕೊಂಡಿದ್ದರೂ ಆ ದಡದವರು ಎಂದೂ ತಮ್ಮವನೆಂದು ಒಪ್ಪಿಕೊಳ್ಳದ ಮನುಷ್ಯ. ಊರಿನ ಸೊಗಡು ಪೂರ್ತಿ ಹತ್ತದ ಆ ದನಿ ಅವನ ಒಂಟಿತನಕ್ಕೆ ಒಪ್ಪುವಷ್ಟು, ತಿದ್ದಿತೀಡಿದ ಸ್ಪಷ್ಟ ಉಚ್ಚಾರಣೆಯ ಕಂಠವೊಂದು ಒಪ್ಪುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಗುಂಪಿನ ಹಾಡಿನಲ್ಲಿ ಬೆಂಬಲವಾಗಿ ನಿಂತ ಕಂಠಗಳು ಇಲ್ಲಿ ಅವನ ಜೊತೆಗಿಲ್ಲ ಎಂಬುದನ್ನೂ ಮರೆಯಬಾರದು.

‘ಚೆಮ್ಮೀನ್’ ಬಳಿಕ ಸಲಿಲ್ ಚೌಧರಿ ಮಲಯಾಳಕ್ಕೆ ಮತ್ತೆ ಮತ್ತೆ ಬಂದರು. 1974ರ ‘ನೆಲ್ಲು’ ಚಿತ್ರದಲ್ಲಿ ಕಾರ್ಯಾಟ್ ಅವರೊಂದಿಗೆ ಇನ್ನೊಮ್ಮೆ ದುಡಿದರು. ಅದರ ಛಾಯಾಗ್ರಾಹಕರಾಗಿದ್ದ ಬಾಲು ಮಹೇಂದ್ರ 1977ರಲ್ಲಿ ತಮ್ಮ ಮೊದಲ ನಿರ್ದೇಶನದ ಚಿತ್ರ ‘ಕೋಕಿಲ’ವನ್ನು ಕನ್ನಡದಲ್ಲಿ ಮಾಡಿದಾಗ ಸಂಗೀತಕ್ಕೆ ಕರೆದದ್ದು ಇವರನ್ನೇ. ಆದ್ದರಿಂದ ಮಲಯಾಳ ಬಾರದ ಕನ್ನಡಿಗರು ‘ಕೋಕಿಲ’ದ ಹಾಡುಗಳಿಂದ ಆರಂಭಿಸಿ ‘ಚೆಮ್ಮೀನ್’ ಕಡೆಗೆ ಹಿಂದೆ ನಡೆಯಬಹುದು.